ಪೆನ್ಸಿಲ್ ಗುರುತು

ಎರಡು ವರ್ಷದ ಹಿಂದೆ ಸಂಶೋಧನೆಯ ಕೆಲಸಕ್ಕೆಂದು ಅಮೆರಿಕದ ಓಹಾಯೋ ರಾಜ್ಯದಲ್ಲಿ ಮೂರು ತಿಂಗಳು ಇದ್ದೆ. ಅಲ್ಲಿನ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಒಂದು ಪೋಸ್ಟ್‌ಕಾರ್ಡ್ ಕೊಂಡೆ. ಯಾವುದೋ ಸಣ್ಣ ಊರಿನ ಬೇಸ್‌ಬಾಲ್ ತಂಡ. ಎರಡು ಸಾಲಿನಲ್ಲಿ ಒಂಬತ್ತು ಹುಡುಗರು, ಅವರ ಕಾಲ ಬಳಿ ಎರಡು ಬ್ಯಾಟು. ಹಿಂದಿನ ಸಾಲಿನ ಒಬ್ಬನ ತಲೆಯ ಮೇಲೆ ಪೆನ್ಸಿಲಿನಲ್ಲಿ ಸಣ್ಣದೊಂದು ಇಂಟು ಗುರುತು. ಹಿಂಬದಿಯಲ್ಲಿ ಅಮ್ಮನಿಗೆ ಎರಡೇ ಸಾಲು: ಗುರುತು ಹಾಕಿದವನು ನಾನು, ಭಾನುವಾರ ಬರುತ್ತೇನೆ. ಕೊನೆಗೆ ‘ನಿನ್ನ ಮಗ’ ಎಂದಷ್ಟೇ. ವಿಳಾಸದಲ್ಲಿ ಆ ತಾಯಿಯ ಹೆಸರೂ ಇಲ್ಲ, ಮಿಸೆಸ್ ಅಂತ ಸೇರಿಸಿ ಗಂಡನ ಹೆಸರು.

“ಆ ಗುರುತನ್ನು ಮೆಲ್ಲಗೆ ಅಳಿಸಿಬಿಡಿ, ಒಳ್ಳೆ ಬೆಲೆ ಬರುತ್ತೆ” ಎಂದರು ಅಂಗಡಿಯವರು, ಸ್ನೇಹದಿಂದಲೇ.

ಇಂಥ ಕಾರ್ಡುಗಳ ಕಾಲ ಶುರುವಾದದ್ದು 1903ರ ಸುಮಾರಿಗೆ. ಪೋಸ್ಟ್‌ಕಾರ್ಡಿನಷ್ಟೇ ಅಳತೆಯ ನೆಗೆಟಿವ್ ಕೊಡುವ ಮಡಚುವ ಕ್ಯಾಮೆರಾವನ್ನು ಕೊಡಾಕ್ ಕಂಪನಿ ಆಗ ತಂದಿತು. ಊರಿನ ಫೋಟೋಗ್ರಾಫರ್ ತಂಡದ ಚಿತ್ರವನ್ನು ನೇರ ಕಾರ್ಡಿನ ಮೇಲೇ ಮುದ್ರಿಸಿ ಕೆಲವೇ ಪ್ರತಿ ಕೊಡಬಹುದಿತ್ತು. ಒಂದು ಸೆಂಟಿನ ಸ್ಟಾಂಪು ಹಚ್ಚಿದರೆ ಅಂಚೆಗೆ ಹೋಗುತ್ತಿತ್ತು. 1907ರ ಮಾರ್ಚ್‌ವರೆಗೆ ಹಿಂಬದಿ ವಿಳಾಸಕ್ಕೆ ಮಾತ್ರ ಮೀಸಲು. ಹಾಗಾಗಿ ಅದಕ್ಕೂ ಮೊದಲಿನ ಕಾರ್ಡುಗಳಲ್ಲಿ ಒಕ್ಕಣೆ ಚಿತ್ರದ ಅಂಚಿನಲ್ಲಿ, ಕೆಲವೊಮ್ಮೆ ಆಟಗಾರರ ಬೂಟಿನ ಮೇಲೇ ಹರಿದಿರುತ್ತದೆ. ನನ್ನ ಕಾರ್ಡಿನ ಹಿಂಬದಿ ಎರಡು ಭಾಗವಾಗಿದೆ. ಸ್ಟಾಂಪಿನ ಚೌಕದ ನಾಲ್ಕೂ ತ್ರಿಕೋನಗಳು ಮೇಲ್ಮುಖವಾಗಿವೆ. ಅಂದರೆ 1907ರಿಂದ 1918ರೊಳಗಿನದು ಎಂಬುದು ಸಂಗ್ರಾಹಕರ ಲೆಕ್ಕ.

ಈ ಲೆಕ್ಕಗಳನ್ನು ಕಲಿಯುವುದರಲ್ಲಿ ನನಗೆ ಸುಖವಿದೆ, ಸುಳ್ಳು ಹೇಳಲಾರೆ. ಆದರೆ ಅದೇ ಲೋಕದಲ್ಲಿ ಮೂಲೆ ಮಡಚದ, ಮುದ್ರೆ ಬೀಳದ, ಯಾರೂ ಏನೂ ಬರೆಯದ ಕಾರ್ಡಿಗೆ ಹೆಚ್ಚಿನ ಮರ್ಯಾದೆ. ಎಂದೂ ಯಾರನ್ನೂ ತಲುಪದ ಕಾರ್ಡು ಉತ್ತಮ, ತಲುಪಿದ್ದು ‘ಹಾಳಾದದ್ದು’. ಆ ಹುಡುಗ ಕಾರ್ಡನ್ನು ಹಾಳು ಮಾಡಿದನೇ? ಒಂಬತ್ತು ಟೋಪಿಗಳ ನಡುವೆ ಮಗನನ್ನು ಹುಡುಕುವ ಕಷ್ಟ ಅಮ್ಮನಿಗೆ ಬೇಡ ಎಂದುಕೊಂಡ, ಅಷ್ಟೆ. ಗುರುತು ಅಳಿಸಿದರೆ ಉಳಿಯುವುದು ಒಂದು ತಂಡ. ಅವನು ಉಳಿಯುವುದಿಲ್ಲ.

ದುಡ್ಡು ಕೊಟ್ಟವನು ನಾನು, ಕಾರ್ಡು ನನ್ನದು. ಅದರಲ್ಲಿನ ‘ನಿನ್ನ’ ಎಂಬ ಮಾತು ನನ್ನದಲ್ಲವಲ್ಲ! ಪೋಸ್ಟ್‌ಕಾರ್ಡು ತೆರೆದ ಕಾಗದ, ಅಂಚೆಯವನೂ ಓದಿರುತ್ತಾನೆ, ಗುಟ್ಟೇನಿಲ್ಲ ಎನ್ನಬಹುದು. ನಮ್ಮ ಮನೆಗಳಲ್ಲಿ ಬಂದ ಕಾಗದಗಳನ್ನು ತಂತಿಗೆ ಚುಚ್ಚಿ ಇಡುತ್ತಿದ್ದರು. ಸಾವಿನ ಸುದ್ದಿಯದನ್ನು ಮಾತ್ರ ಓದಿದ ಕೂಡಲೇ ಹರಿದುಹಾಕುತ್ತಿದ್ದರು. ಯಾವುದನ್ನು ಉಳಿಸಬೇಕು, ಯಾವುದನ್ನು ಬಾರದು ಎಂದು ತೀರ್ಮಾನಿಸುತ್ತಿದ್ದವರು ಆ ಕಾಗದ ಯಾರಿಗೆ ಬಂತೋ ಅವರು. ಇಲ್ಲಿ ಆ ತೀರ್ಮಾನ ನೂರು ವರ್ಷ ದಾಟಿ ನನ್ನ ಕೈಗೆ ಬಂದಿದೆ, ಯಾರೂ ಕೊಡದೆ.

ಹಾಗಂತ ಸಂಗ್ರಾಹಕರನ್ನು ಬೈಯುವುದು ಸುಲಭದ ದಾರಿ. ಅವರಿಲ್ಲದಿದ್ದರೆ ಇಂಥವೆಷ್ಟೋ ಕಸದ ಬುಟ್ಟಿ ಸೇರುತ್ತಿದ್ದವು. ಮೇಲಾಗಿ ನನ್ನದೂ ಒಂದು ಆಸೆಯೇ. ಅವರಿಗೆ ಶುಭ್ರವಾದ ಕಾರ್ಡು ಬೇಕು, ನನಗೆ ಕತೆಯಿರುವ ಕಾರ್ಡು. ಒಮ್ಮೆ ವಿಭಾಗದ ಸೆಮಿನಾರಿನಲ್ಲಿ ಇದನ್ನು ಪರದೆಯ ಮೇಲೆ ತೋರಿಸಿದೆ. ಎಲ್ಲರೂ ‘ಅಯ್ಯೋ ಪಾಪ’ ಎಂದರು. ನನಗೆ ಚಪ್ಪಾಳೆ ಬಿತ್ತು. ಆಮೇಲೆ ಮುಜುಗರವಾಯಿತು.

ಅಳಿಸಲಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿಟ್ಟು ಮೇಜಿನ ಡ್ರಾಯರಿನಲ್ಲಿಟ್ಟಿದ್ದೇನೆ. ಫೋಟೋ ನುಣುಪಾಗಿರುವುದರಿಂದ ಸೀಸ ಗಟ್ಟಿಯಾಗಿ ಹಿಡಿದಿಲ್ಲ. ಮೊನ್ನೆ ತೆಗೆದು ನೋಡಿದಾಗ ಗುರುತಿನ ಒಂದು ಗೀಟು ತುಸು ಮಾಸಿತ್ತು, ಕವರಿನ ಒಳಬದಿಯಲ್ಲಿ ಬೂದು ಬಣ್ಣದ ಸಣ್ಣ ಕಲೆ ಮೂಡಿತ್ತು.