ಉಸಿರು ಮುಸುಕಿದ ಮಸೂರ

2004ರಿಂದ 2007ರವರೆಗೆ ಸತತವಾಗಿ ನಾಲ್ಕು ಬಾರಿ ಚಾಂಪ್ ಕಾರ್ ಸ್ಪರ್ಧಾಮಾಲೆಯನ್ನು ಗೆದ್ದ ಫ್ರಾನ್ಸಿನ ಸೆಬಾಸ್ಟಿಯನ್ ಬೂರ್ದೆಯವರು, ಮುಖವನ್ನೆಲ್ಲ ಮುಚ್ಚುವ ಶಿರಸ್ತ್ರಾಣದೊಳಗೆ ಕನ್ನಡಕವನ್ನು ಧರಿಸಿಯೇ ಕಾರನ್ನೋಡಿಸಿದರೆಂಬ ಸಂಗತಿಯು, ನೋಡುವವನು ಯಾರೆಂಬ ಪುರಾತನ ಪ್ರಶ್ನೆಯನ್ನು ನನ್ನಲ್ಲಿ ಮತ್ತೆ ಎಬ್ಬಿಸುತ್ತದೆ.

ಅಲ್ಲಿಯೂ ಒಂದು ವಿಧಿಯುಂಟು: ಧರಿಸುವಾಗ ಶಿರಸ್ತ್ರಾಣವು ಮೊದಲು, ಕನ್ನಡಕವು ಅನಂತರ, ತೆಗೆಯುವಾಗ ಕನ್ನಡಕವೇ ಮೊದಲು. ನೇರವೂ ತೆಳುವೂ ಆದ ಕಡ್ಡಿಗಳು ಒಳಮೆತ್ತೆಗೂ ಕಪೋಲಕ್ಕೂ ನಡುವೆ ಸಲೀಸಾಗಿ ಜಾರಬೇಕು. ದಪ್ಪನೆಯ ಕಡ್ಡಿಯಾದರೆ ಕಿವಿಯ ಮೇಲ್ಗಡೆ ಒತ್ತಿ, ದಾರಿಯ ಮೇಲಿರಬೇಕಾದ ಚಿತ್ತವನ್ನು ಆ ನೋವೇ ಅಪಹರಿಸುವುದು. ಮಸೂರವು ಗಾಜಿನದಾಗದೆ ಪಾಲಿಕಾರ್ಬೊನೇಟಿನದಾದರೆ ಒಡೆದು ಚುಚ್ಚುವ ಭಯವು ಕಡಿಮೆ. ಆದರೆ ಎಲ್ಲಕ್ಕಿಂತ ಸೂಕ್ಷ್ಮವಾದ ವಿಘ್ನವು ಹೊರಗಿನಿಂದ ಬರುವುದಲ್ಲ. ಧರಿಸಿದವನ ಉಸಿರೇ ತಣ್ಣನೆಯ ಮಸೂರದ ಮೇಲೆ ಮಂಜಾಗಿ ಕುಳಿತು, ಅವನ ದಾರಿಯನ್ನು ಅವನಿಗೇ ಮರೆಮಾಡುವುದು.

ಕಣ್ಣಿಗೂ ಹಿಂದಿರುವ ದೃಷ್ಟಿಯೊಂದನ್ನು ಕೇನೋಪನಿಷತ್ತು ಸೂಚಿಸುತ್ತದೆ. ಅದನ್ನೊಪ್ಪಿದರೆ ಕನ್ನಡಕದಂತೆ ಕಣ್ಣೂ ಒಂದು ಉಪಕರಣವೇ. ಉಪಕರಣವನ್ನೇ ತಾನೆಂದು ಬಗೆಯುವುದು ಅವಿದ್ಯೆ. ತಾನಲ್ಲವೆಂದು ಅಲಕ್ಷಿಸುವುದು ಪ್ರಮಾದ. ಆದುದರಿಂದ ಓದುಗನೇ, ಹೊರಡುವ ಮುನ್ನ ಮಸೂರವನ್ನು ಒರೆಸು, ಗಾಳಿಕಂಡಿಯನ್ನು ತೆರೆ, ಅದೂ ಸಾಧನೆಯೇ.