ಕಪ್ಪು ಆಕಳ ಹಾಲು

ಆಕಳು ಕಪ್ಪಾದರೆ ಹಾಲು ಕಪ್ಪೇ? ಈ ಗಾದೆಯನ್ನು ನಾವು ಹೆಚ್ಚಾಗಿ ಮಾತು ಮುಗಿಸಲು ಬಳಸುತ್ತೇವೆ. ಹುಟ್ಟು, ಕುಲ, ಮೈಬಣ್ಣ ನೋಡಿ ಗುಣ ಅಳೆಯಬೇಡಿ ಎಂದರೆ ಅದರ ಕೆಲಸವಾಯಿತು ಎಂದುಕೊಳ್ಳುತ್ತೇವೆ. ನನಗೆ ಅದು ವಿಚಾರವನ್ನು ಶುರುಮಾಡುವ ಗಾದೆ. ಹಾಲಿಗೆ ತೊಗಲಿನ ಬಣ್ಣ ಇಳಿಯುವುದಿಲ್ಲ, ನಿಜ. ಆದರೆ ತಿಂದ ಮೇವಿನ ವಾಸನೆ ಇಳಿಯುತ್ತದೆ ಎಂಬುದು ಹಸು ಸಾಕಿದವರಿಗೆಲ್ಲ ಗೊತ್ತು. ಆಕಳಿಗೊಬ್ಬ ಒಡೆಯನಿರುತ್ತಾನೆ ಎಂಬುದೂ ಗೊತ್ತು. ತೊಗಲು, ಮೇವು, ಒಡೆತನ ಎಂಬ ಈ ಮೂರನ್ನೂ ಬಿಡಿಸಿ ನೋಡದೆ ಒಂದು ಹಳೆಯ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಯೆಹೂದ್ಯರ ಅನುಭಾವ ಪರಂಪರೆಯಾದ ಕಬ್ಬಾಲಾ ಕಥೋಲಿಕ ವಿಶ್ವಾಸದೊಂದಿಗೆ ಹೊಂದುತ್ತದೆಯೇ ಎಂಬುದು ಆ ಪ್ರಶ್ನೆ.

ಇದನ್ನು ಕೋಲ್ಕತ್ತದಲ್ಲಿ ನಿಂತು ಕೇಳುವುದಕ್ಕೆ ಕಾರಣವಿದೆ. ಸೀರೆಯಂಗಡಿಗಳ ಗರಿಯಾಹಾಟ್ ದಾಟಿ ರಸ್ತೆ ದಕ್ಷಿಣಕ್ಕೆ ಗೋಲ್‌ಪಾರ್ಕ್ ಮುಟ್ಟುವಲ್ಲಿ ರಾಮಕೃಷ್ಣ ಮಿಷನ್ನಿನ ಸಂಸ್ಕೃತಿ ಸಂಸ್ಥೆಯಿದೆ. 1938ರಲ್ಲಿ ಹುಟ್ಟಿ 1961ರಲ್ಲಿ ಇಲ್ಲಿಗೆ ಬಂದ ಈ ಸಂಸ್ಥೆಯ ಹಿಂದಿರುವುದು ಎಲ್ಲ ಮತಗಳೂ ಒಂದೇ ಗುರಿಯ ದಾರಿಗಳೆಂಬ ರಾಮಕೃಷ್ಣ ಪರಮಹಂಸರ ಕಾಣ್ಕೆ. ಊರಿನ ಇನ್ನೊಂದು ತುದಿಗೆ, ಬ್ರೆಬೋರ್ನ್ ರಸ್ತೆಯ ಸುತ್ತ, 1799ರಲ್ಲಿ ಪ್ರತಿಷ್ಠೆಯಾದ ಪೋರ್ಚುಗೀಸ್ ಚರ್ಚೂ 1884ರ ಮಾಘೆನ್ ಡೇವಿಡ್ ಸಿನಗಾಗ್ ಕೂಡ ಕೂಗಳತೆಯಲ್ಲಿವೆ. 1798ರಲ್ಲಿ ಅಲೆಪ್ಪೊದ ಶಾಲೋಮ್ ಕೊಹೆನ್ ಸೂರತ್ ಮಾರ್ಗವಾಗಿ ಈ ಊರಿಗೆ ಬಂದ ಮೇಲೆ ಬೆಳೆದ ಬಾಗ್ದಾದಿ ಯೆಹೂದ್ಯ ಸಮಾಜಕ್ಕೆ ಕಬ್ಬಾಲಾ ದೂರದ ವಿದ್ಯೆಯಾಗಿರಲಿಲ್ಲ. ಶುಕ್ರವಾರ ಸಂಜೆ ಸಬ್ಬತ್ತನ್ನು ವಧುವಿನಂತೆ ಎದುರುಗೊಳ್ಳುವ ಹಾಡು ಹದಿನಾರನೆಯ ಶತಮಾನದಲ್ಲಿ ಸಫೇದ್ ಊರಿನ ಕಬ್ಬಾಲಿಗರ ವಲಯದಲ್ಲಿ ಹುಟ್ಟಿದ್ದು. ಅನುಭಾವ ಅವರಲ್ಲಿ ವಾರವಾರದ ಪ್ರಾರ್ಥನೆಯೊಳಗೇ ಸೇರಿಹೋಗಿತ್ತು.

ಮೊದಲು ತೊಗಲಿನ ಮಾತು. ಯೆಹೂದ್ಯರದು ಎಂಬ ಒಂದೇ ಕಾರಣಕ್ಕೆ ಕಬ್ಬಾಲಾವನ್ನು ಬದಿಗಿಡುವ ಕಥೋಲಿಕನಿಗೆ ಗಾದೆ ಅಲ್ಲೇ ಉತ್ತರ ಕೊಡುತ್ತದೆ. ಅವನ ಪ್ರತಿ ಬಲಿಪೂಜೆಯಲ್ಲೂ ಓದುವ ಕೀರ್ತನೆಗಳು ಯೆಹೂದ್ಯರವು. ಅವನ ಪ್ರಭುವೂ ಪ್ರಭುವಿನ ತಾಯಿಯೂ ಯೆಹೂದ್ಯರು. ಇನ್ನೂ ಹತ್ತಿರದ ಸಾಕ್ಷಿ ಬೇಕಿದ್ದರೆ ಅವಿಲಾದ ಸಂತ ತೆರೇಸರನ್ನು ನೋಡಬೇಕು. 1870ರಲ್ಲಿ ಮಂಗಳೂರಿಗೆ ಬಂದು ನೆಲೆಯೂರಿದ ಅಪೋಸ್ತಲಿಕ್ ಕಾರ್ಮೆಲ್ ಭಗಿನಿಯರು ತಮ್ಮ ಆಧ್ಯಾತ್ಮಿಕ ತಾಯಿಯೆಂದು ಕಾಣುವ ಈಕೆಯ ಅಜ್ಜ ಯೆಹೂದ್ಯ ಮೂಲದವರು. ಗುಟ್ಟಾಗಿ ಯೆಹೂದ್ಯ ಆಚಾರ ಪಾಲಿಸಿದರೆಂದು 1485ರಲ್ಲಿ ತೊಲೆದೊ ನಗರದಲ್ಲಿ ಧರ್ಮವಿಚಾರಣೆಯವರಿಂದ ಪ್ರಾಯಶ್ಚಿತ್ತಕ್ಕೆ ಗುರಿಯಾದವರು. ರಕ್ತಶುದ್ಧಿಯ ಕಟ್ಟಳೆಗಳು ನಡೆಯುತ್ತಿದ್ದ ಸ್ಪೇನಿನಲ್ಲಿ ಹುಟ್ಟಿದ ಆ ಮೊಮ್ಮಗಳನ್ನು ಧರ್ಮಸಭೆ 1622ರಲ್ಲಿ ಸಂತಳೆಂದೂ 1970ರಲ್ಲಿ ಧರ್ಮಸಭೆಯ ಆಚಾರ್ಯಳೆಂದೂ ಸಾರಿತು. 1965ರ ಅಕ್ಟೋಬರ್ 28ರಂದು ಹೊರಟ ವ್ಯಾಟಿಕನ್ ಮಹಾಸಭೆಯ ಘೋಷಣೆ, ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲ ಎಂದು ಈ ಮಾತನ್ನು ಅಧಿಕೃತವಾಗಿಯೇ ಒಪ್ಪಿತು. ಇದರ ಮೇಲೆ ಇನ್ನು ವಾದ ಬೇಕಿಲ್ಲ.

ಕಷ್ಟವಿರುವುದು ಮೇವಿನಲ್ಲಿ. ಕಬ್ಬಾಲಾದ ಮುಖ್ಯ ಗ್ರಂಥ ಜೋಹರ್. ಅದು ಎರಡನೆಯ ಶತಮಾನದ ಶಿಮೋನ್ ಬಾರ್ ಯೋಖೈ ಅವರದೆಂದು ಪರಂಪರೆ ಹೇಳಿದರೆ, ಹದಿಮೂರನೆಯ ಶತಮಾನದ ಸ್ಪೇನಿನಲ್ಲಿ ಮೋಸೆಸ್ ದೆ ಲಿಯೋನ್ ಬರೆದದ್ದೆಂದು ಕಬ್ಬಾಲಾ ವಿದ್ವಾಂಸ ಗೆರ್ಶೋಮ್ ಶೋಲೆಮ್ ತೋರಿಸಿದರು. ಅದರಲ್ಲಿ ದೇವರು ಮೊದಲಿಗೆ ಐನ್ ಸೋಫ್, ಯಾವ ಹೆಸರೂ ಎಟುಕದ ಅನಂತ. ಆ ಅನಂತದಿಂದ ಸೆಫಿರೋತ್ ಎಂಬ ಹತ್ತು ದಿವ್ಯ ಹೊಮ್ಮುವಿಕೆಗಳು; ಅವುಗಳ ಮೂಲಕ ಲೋಕ. ಹೆಸರಿಗೆ ಎಟುಕದ ದೇವರು ಎಂಬ ಮಾತು ಕಥೋಲಿಕನಿಗೆ ಹೊಸತಲ್ಲ. ಸೃಷ್ಟಿಕರ್ತನಿಗೂ ಸೃಷ್ಟಿಗೂ ಎಷ್ಟು ಹೋಲಿಕೆ ಹೇಳಿದರೂ ಅದಕ್ಕಿಂತ ದೊಡ್ಡ ಅಂತರ ಉಳಿಯುತ್ತದೆ ಎಂದು 1215ರ ನಾಲ್ಕನೇ ಲ್ಯಾಟರನ್ ಮಹಾಸಭೆಯೇ ಹೇಳಿದೆ. ತೊಡಕು ಹೊಮ್ಮುವಿಕೆಯಲ್ಲಿ. ಲೋಕವು ದೇವರ ಸ್ವರೂಪದಿಂದಲೇ ಹರಿದುಬಂದದ್ದೆಂಬ ಮತವನ್ನು 1870ರ ಮೊದಲನೇ ವ್ಯಾಟಿಕನ್ ಮಹಾಸಭೆ ಸ್ಪಷ್ಟವಾಗಿ ನಿರಾಕರಿಸಿ, ದೇವರು ಎಲ್ಲವನ್ನೂ ಶೂನ್ಯದಿಂದ ಸೃಷ್ಟಿಸಿದನೆಂದಿತು. ಪರಿಣಾಮವಾದದ ಬಗ್ಗೆ ನಮ್ಮ ವೇದಾಂತಿಗಳು ನಡೆಸಿದ ಜಗಳವನ್ನು ಬಲ್ಲ ಕನ್ನಡ ಓದುಗರಿಗೆ ಇದರ ತೂಕ ತಿಳಿಯುತ್ತದೆ. ಸೃಷ್ಟಿ ದೇವರ ಅಂಶವೋ ದೇವರಿಗಿಂತ ಬೇರೆಯೋ ಎಂಬುದರ ಮೇಲೆ ಪ್ರಾರ್ಥನೆಯ ಸ್ವರೂಪವೂ ಪಾಪದ ಅರ್ಥವೂ ನಿಂತಿವೆ.

ಇಲ್ಲಿ ಗಮನಿಸಬೇಕಾದದ್ದು, ಈ ಕಸಿವಿಸಿ ಕ್ರೈಸ್ತರಿಗಿಂತ ಮೊದಲೇ ಯೆಹೂದ್ಯರನ್ನು ಕಾಡಿತ್ತು ಎಂಬುದು. ಕ್ರೈಸ್ತರು ಮೂವರನ್ನು ನಂಬಿದರೆ ಕಬ್ಬಾಲಿಗರು ಹತ್ತನ್ನು ನಂಬುತ್ತಾರೆಂಬ ಕಟುಮಾತನ್ನು ಹದಿನಾಲ್ಕನೆಯ ಶತಮಾನದ ರಬ್ಬಿ ಇಸಾಕ್ ಬಾರ್ ಶೆಶೆತ್ ದಾಖಲಿಸಿದ್ದಾರೆ. ಕಬ್ಬಾಲಿಗರ ಒಳಗೂ ಏಕಮತವಿರಲಿಲ್ಲ. ಸೆಫಿರೋತ್ ದೇವರ ಸ್ವರೂಪವೇ ಎಂದರು ಕೆಲವರು. ಅವು ದೇವರು ಬಳಸುವ ಪಾತ್ರೆಗಳಷ್ಟೇ ಎಂದರು ಇಟಲಿಯ ಮೆನಾಖೆಮ್ ರೆಕನಾತಿ. ಸಫೇದಿನ ಮೋಶೆ ಕೊರ್ದೊವೆರೊ ಎರಡನ್ನೂ ಹೊಂದಿಸಲು ಹೆಣಗಿದರು. ಹಾಗಾಗಿ ಕಬ್ಬಾಲಾ ಪೂರ್ತಿ ಹೊಂದುತ್ತದೆ, ಪೂರ್ತಿ ಹೊಂದುವುದಿಲ್ಲ ಎಂಬ ಎರಡು ಉತ್ತರಗಳೂ ಅವಸರದವು. ಪಾತ್ರೆಯೆಂದು ಓದಿದಾಗ ಕಥೋಲಿಕನಿಗೆ ಅದರೊಡನೆ ಸಂವಾದ ಸಾಧ್ಯ. ಸ್ವರೂಪವೆಂದು ಓದಿ ಅಲ್ಲಿಂದ ಲೋಕವನ್ನು ಹರಿಸಿದಾಗ ಸಾಧ್ಯವಿಲ್ಲ. ಶೆಖೀನಾ, ಅಂದರೆ ಜನರ ನಡುವೆ ನೆಲೆಸಿ ಅವರೊಡನೆ ಗಡೀಪಾರಿಗೂ ಹೋಗುವ ದೇವಸಾನ್ನಿಧ್ಯ, ಎಂಬ ಕಲ್ಪನೆ ಕ್ರೈಸ್ತ ಹೃದಯಕ್ಕೆ ತೀರಾ ಹತ್ತಿರ. ಅದೇ ಶೆಖೀನಾವನ್ನು ದೇವತ್ವದೊಳಗಿನ ಸ್ತ್ರೀಶಕ್ತಿಯಾಗಿಸಿ ಪುರುಷಶಕ್ತಿಯೊಡನೆ ಕೂಡಿಸುವ ಜೋಹರ್‌ನ ಪುಟಗಳಿಗೆ ಬಂದಾಗ ಆ ಹೃದಯ ಹಿಂಜರಿಯುವುದು ನ್ಯಾಯವೇ.

ಎರಡು ಕಡೆ ಮಾತ್ರ ಹೊಂದಾಣಿಕೆಗೆ ಎಡೆಯೇ ಇಲ್ಲ. ಒಂದು ಗಿಲ್ಗುಲ್, ಆತ್ಮದ ಮರುಹುಟ್ಟು. ಮನುಷ್ಯ ಸಾಯುವುದು ಒಮ್ಮೆ, ಅನಂತರ ತೀರ್ಪು ಎಂಬ ಕಥೋಲಿಕ ಬೋಧನೆಯ ಪಕ್ಕದಲ್ಲಿ ಅದನ್ನು ಇಡಲಾಗದು. ಹತ್ತನೆಯ ಶತಮಾನದ ಯೆಹೂದ್ಯ ಚಿಂತಕ ಸಾದಿಯಾ ಗಾಓನ್ ಕೂಡ ಮರುಹುಟ್ಟನ್ನು ಕಟುವಾಗಿ ತಿರಸ್ಕರಿಸಿದ್ದರು. ಇನ್ನೊಂದು, ದೇವನಾಮಗಳನ್ನು ತಾಯಿತಕ್ಕೆ ಬರೆದು ಫಲ ಬಯಸುವ ಪ್ರಯೋಗ. ದೈವಶಕ್ತಿಯನ್ನು ಕೈವಶ ಮಾಡಿಕೊಳ್ಳುವ ಯಾವ ಯತ್ನವನ್ನೂ ಧರ್ಮಸಭೆ ಒಪ್ಪುವುದಿಲ್ಲ.

ಹೀಗೆ ಆರಿಸಿ ತೆಗೆದ ಮೇಲೆ ಉಳಿಯುವುದು ಕಬ್ಬಾಲಾವೇ ಅಲ್ಲ ಎಂಬ ಆಕ್ಷೇಪ ಬರುತ್ತದೆ. ಇದು ಗಟ್ಟಿಯಾದ ಆಕ್ಷೇಪ. ಒಂದು ಮಟ್ಟಿಗೆ ನಿಜವೂ ಹೌದು. ಧರ್ಮವಿಧಿಗಳ ಪಾಲನೆಯಿಂದ ಬಿಡಿಸಿದ ಕಬ್ಬಾಲಾ ಯೆಹೂದ್ಯ ಕಬ್ಬಾಲಾ ಆಗಿ ಉಳಿಯದು. ಆದರೆ ಒಂದು ಪರಂಪರೆಯಿಂದ ಕಲಿಯುವುದಕ್ಕೂ ಅದನ್ನು ಅನುಸರಿಸುವುದಕ್ಕೂ ಅಂತರವಿದೆ. ಸಂತ ತೋಮಸ್ ಅಕ್ವಿನಾಸರು ಯೆಹೂದ್ಯ ದಾರ್ಶನಿಕ ಮೈಮೊನಿದೆಸರನ್ನು ರಬ್ಬಿ ಮೋಸೆಸ್ ಎಂದು ಹೆಸರು ಹಿಡಿದೇ ಉಲ್ಲೇಖಿಸುತ್ತಾರೆ, ಹಲವೆಡೆ ಒಪ್ಪುತ್ತಾರೆ. ದೇವರ ಬಗ್ಗೆ ನಾವಾಡುವ ಗುಣವಾಚಕಗಳಿಗೆ ಏನರ್ಥ ಎಂಬಲ್ಲಿ ನೇರವಾಗಿ ಭಿನ್ನಮತ ಹೇಳುತ್ತಾರೆ. ಅದರಿಂದ ಅಕ್ವಿನಾಸರು ಯೆಹೂದ್ಯರಾಗಲಿಲ್ಲ, ಮೈಮೊನಿದೆಸರು ಕ್ರೈಸ್ತರಾಗಲಿಲ್ಲ. ನನಗೆ ಇದೇ ಸರಿಯಾದ ಮಾದರಿ.

ಈ ಮಾದರಿಯನ್ನು ಮೀರಿದವರ ಕಥೆಯೇ ಒಡೆತನದ ಪ್ರಶ್ನೆಗೆ ನಮ್ಮನ್ನು ತರುತ್ತದೆ. 1486ರಲ್ಲಿ ಇಪ್ಪತ್ಮೂರು ವರ್ಷದ ಇಟಲಿಯ ಪಿಕೊ ದೆಲ್ಲ ಮಿರಾಂದೊಲ 900 ಪ್ರಮೇಯಗಳನ್ನು ಪ್ರಕಟಿಸಿದ. ಕ್ರಿಸ್ತನ ದೈವತ್ವವನ್ನು ಮಾಂತ್ರಿಕವಿದ್ಯೆ ಮತ್ತು ಕಬ್ಬಾಲಾದಷ್ಟು ದೃಢಪಡಿಸುವ ಬೇರೆ ವಿದ್ಯೆಯಿಲ್ಲ ಎಂಬುದು ಅವುಗಳಲ್ಲೊಂದು. ಪೋಪ್ ಎಂಟನೇ ಇನೊಸೆಂಟ್ ಅವುಗಳನ್ನು ನಿಷೇಧಿಸಿದರು. 1493ರಲ್ಲಿ ಆರನೇ ಅಲೆಕ್ಸಾಂಡರ್ ಪಿಕೊನನ್ನು ಕ್ಷಮಿಸಿದರು. 1517ರಲ್ಲಿ ಜರ್ಮನಿಯ ರೋಯ್ಖ್ಲಿನ್ ತನ್ನ ಕಬ್ಬಾಲಾ ಗ್ರಂಥವನ್ನು ಪೋಪ್ ಹತ್ತನೇ ಲಿಯೋಗೇ ಅರ್ಪಿಸಿದ. ಕಾರ್ಡಿನಲ್ ಎಜಿದಿಯೊ ದ ವಿತೆರ್ಬೊ ಯೆಹೂದ್ಯ ವಿದ್ವಾಂಸ ಎಲಿಯಾ ಲೆವಿಟಾನನ್ನು ವರ್ಷಗಟ್ಟಲೆ ಮನೆಯಲ್ಲೇ ಇರಿಸಿಕೊಂಡು ಹೀಬ್ರೂ ಕಲಿತ, ಶೆಖೀನಾ ಕುರಿತೇ ಒಂದು ಗ್ರಂಥ ಬರೆದ. ಇಷ್ಟು ಕೇಳಿದರೆ ಸ್ನೇಹದ ಚರಿತ್ರೆಯೆನಿಸುತ್ತದೆ. ಆದರೆ 1553ರಲ್ಲಿ ರೋಮಿನಲ್ಲಿ ತಾಲ್ಮುದ್ ಗ್ರಂಥಗಳನ್ನು ಸುಟ್ಟ ಕೆಲವೇ ವರ್ಷಗಳಲ್ಲಿ, 1558ರಿಂದ 1560ರ ನಡುವೆ, ಮಾಂತುವಾ ಮತ್ತು ಕ್ರೆಮೊನಾದಲ್ಲಿ ಜೋಹರ್ ಅಚ್ಚಾಯಿತು. ಯೆಹೂದ್ಯರು ದಿನನಿತ್ಯ ಬದುಕುವ ಕಟ್ಟಳೆಯ ಪುಸ್ತಕ ಬೆಂಕಿಗೆ, ಅವರನ್ನು ಮತಾಂತರಿಸಲು ನೆರವಾದೀತೆಂದು ಹಲವರು ಎಣಿಸಿದ್ದ ಪುಸ್ತಕ ಅಚ್ಚಿಗೆ! ಪಿಕೊನಂಥವರು ಹಾಲು ಕುಡಿದದ್ದರಲ್ಲಿ ತಪ್ಪಿಲ್ಲ. ಆಕಳು ಮೊದಲಿನಿಂದಲೂ ತಮ್ಮದೇ, ಒಡೆಯನಿಗೆ ಅದು ತಿಳಿದಿಲ್ಲವಷ್ಟೇ ಎಂದದ್ದು ದೊಡ್ಡ ತಪ್ಪು.

ಕೋಲ್ಕತ್ತ ಈ ತಪ್ಪಿನ ಇನ್ನೊಂದು ರೂಪವನ್ನು ಕಂಡಿದೆ, ಅದರ ನೋವನ್ನೂ ಕಂಡಿದೆ. 1891ರಲ್ಲಿ ಕಥೋಲಿಕರಾದ ಬ್ರಹ್ಮಬಾಂಧವ ಉಪಾಧ್ಯಾಯರು ತ್ರಿತ್ವವನ್ನು ಸಚ್ಚಿದಾನಂದವೆಂದು ಹಾಡಿದರು. ಕಾವಿಯುಟ್ಟು ಕ್ರೈಸ್ತ ಮಠ ಕಟ್ಟಹೊರಟಾಗ ಪೋಪರ ಪ್ರತಿನಿಧಿ ಜಾಲೆಸ್ಕಿ ಅಡ್ಡಬಂದರು. 1907ರಲ್ಲಿ ರಾಜದ್ರೋಹದ ಆರೋಪ ಹೊತ್ತೇ ಉಪಾಧ್ಯಾಯರು ತೀರಿಕೊಂಡರು. ಜಾಲೆಸ್ಕಿ ನೋಡಿದ್ದು ಬರೀ ತೊಗಲನ್ನು ಎಂದೇ ನನ್ನ ಅಭಿಪ್ರಾಯ. 1922ರಿಂದ ಇದೇ ಊರಿನಲ್ಲಿ ‘ಲೈಟ್ ಆಫ್ ದಿ ಈಸ್ಟ್’ ಪತ್ರಿಕೆ ನಡೆಸಿದ ಯೇಸುಸಭೆಯ ದಾಂದೊಯ್ ಮತ್ತು ಯೊಹಾನ್ಸ್ ಮೇವನ್ನೂ ಪರೀಕ್ಷಿಸಿದರು. ಶಂಕರ, ರಾಮಾನುಜ, ವಲ್ಲಭರನ್ನು ಶ್ರದ್ಧೆಯಿಂದ ಓದಿದ ಯೊಹಾನ್ಸ್, ಶೂನ್ಯದಿಂದ ಸೃಷ್ಟಿ ಎಂಬ ತತ್ತ್ವ ಸೇರಿದರೆ ಈ ದರ್ಶನಗಳ ವಿರೋಧ ಪರಿಹಾರವಾಗುತ್ತದೆ ಎಂದರು. ಆ ಪಾಂಡಿತ್ಯ ದೊಡ್ಡದು. ಆದರೂ ವೇದಾಂತ ತನ್ನಷ್ಟಕ್ಕೆ ಅಪೂರ್ಣ, ಕ್ರಿಸ್ತನಲ್ಲೇ ಪೂರ್ಣ ಎಂಬಲ್ಲಿಗೆ ಮುಗಿಯುವ ಓದು ವೇದಾಂತಿಯ ಮಾತನ್ನು ಪೂರ್ತಿ ಕೇಳಿಸಿಕೊಂಡಿತೆನ್ನಲು ನನಗೆ ಮನಸ್ಸಿಲ್ಲ.

ಹಾಗಾದರೆ ಗೋಲ್‌ಪಾರ್ಕಿನ ಉತ್ತರವೇ ಮೇಲಲ್ಲವೇ, ಅನುಭಾವವೆಲ್ಲ ಒಂದೇ, ಸಿದ್ಧಾಂತ ಬರಿಯ ತೊಗಲು ಎಂದು ಕೇಳಬಹುದು. ಆ ಔದಾರ್ಯವನ್ನು ನಾನು ಗೌರವಿಸುತ್ತೇನೆ, ಒಪ್ಪಲಾರೆ. ಕಪ್ಪು ಆಕಳ ಹಾಲೂ ಹಾಲೇ ಎನ್ನುವ ಗಾದೆ ಎಲ್ಲ ಹಾಲೂ ಒಂದೇ ಎನ್ನುವುದಿಲ್ಲ. ಬರಿಯ ಅನುಭಾವ ಎಂಬುದಿಲ್ಲ, ಒಂದೊಂದು ಧರ್ಮದ ಅನುಭಾವ ಮಾತ್ರ ಇದೆ ಎಂದು ಶೋಲೆಮ್ 1941ರ ತಮ್ಮ ಹೆಸರಾಂತ ಪುಸ್ತಕದ ಆರಂಭದಲ್ಲೇ ವಾದಿಸಿದರು. ಕಬ್ಬಾಲಿಗನ ಧ್ಯಾನ ತೋರಾದ ಅಕ್ಷರಗಳಿಗೂ ಸಬ್ಬತ್ತಿಗೂ ಅಂಟಿಕೊಂಡದ್ದು, ತೆರೇಸರ ಧ್ಯಾನ ಮನುಷ್ಯನಾದ ಕ್ರಿಸ್ತನಿಗೆ ಅಂಟಿಕೊಂಡದ್ದು. ಇವನ್ನು ಕಿತ್ತು ಒಂದೇ ಎಂದರೆ ಇಬ್ಬರಿಗೂ ಅನ್ಯಾಯ. 1989ರಲ್ಲಿ ವ್ಯಾಟಿಕನ್ ಕ್ರೈಸ್ತ ಧ್ಯಾನದ ಬಗ್ಗೆ ಹೊರಡಿಸಿದ ಪತ್ರವೂ ಅನ್ಯ ಪದ್ಧತಿಗಳಿಂದ ಉಪಯುಕ್ತವಾದುದನ್ನು ತೆಗೆದುಕೊಳ್ಳಬಹುದು, ಕ್ರೈಸ್ತ ಪ್ರಾರ್ಥನೆಯ ಸ್ವರೂಪ ಮಸುಕಾಗಬಾರದು ಎಂದು ಎರಡನ್ನೂ ಕೂಡಿಸಿಯೇ ಹೇಳಿತು.

ಒಡೆಯನನ್ನು ಕೇಳಿ ಕಲಿಯುವುದೆಂದರೇನು ಎಂಬುದಕ್ಕೂ ಧರ್ಮಸಭೆಯಲ್ಲೇ ಸೂಚನೆಯಿದೆ. ಯೆಹೂದ್ಯರು ತಮ್ಮ ಧಾರ್ಮಿಕ ಅನುಭವದ ಬೆಳಕಿನಲ್ಲಿ ತಮ್ಮನ್ನು ಹೇಗೆ ಅರಿಯುತ್ತಾರೋ ಅದನ್ನು ಕ್ರೈಸ್ತರು ತಿಳಿಯಲು ಶ್ರಮಿಸಬೇಕೆಂದು 1974ರ ವ್ಯಾಟಿಕನ್ ಮಾರ್ಗಸೂಚಿ ಹೇಳುತ್ತದೆ. ಕೋಲ್ಕತ್ತದ ಕಥೋಲಿಕನಿಗೆ ಇದು ಇಂದು ಸುಲಭವಲ್ಲ. ಒಂದು ಕಾಲಕ್ಕೆ ಸಾವಿರಾರು ಮಂದಿಯಿದ್ದ ಬಾಗ್ದಾದಿ ಸಮಾಜ 1940ರ ದಶಕದ ನಂತರ ಇಸ್ರೇಲಿಗೂ ಇಂಗ್ಲೆಂಡಿಗೂ ಆಸ್ಟ್ರೇಲಿಯಾಕ್ಕೂ ಹೊರಟುಹೋಗಿ ಬೆರಳೆಣಿಕೆಯಷ್ಟು ಜನ ಉಳಿದಿದ್ದಾರೆ. ಸಿನಗಾಗುಗಳನ್ನು ಮುಸ್ಲಿಂ ಕುಟುಂಬಗಳವರು ಅಕ್ಕರೆಯಿಂದ ನೋಡಿಕೊಳ್ಳುತ್ತಿದ್ದಾರೆ. ಜೋಹರ್‌ನ ಅನುವಾದ ಹಿಡಿದು ಕೂತ ಓದುಗ ಅಲ್ಲಿ ತ್ರಿತ್ವವನ್ನೋ ಅದ್ವೈತವನ್ನೋ ಕಂಡನೆಂದರೆ, ಹಾಗಲ್ಲಪ್ಪಾ ಎಂದು ತಿದ್ದುವ ನೆರೆಯವನೇ ಇಲ್ಲ. ಆದ್ದರಿಂದ ಅವನು ಶೋಲೆಮ್ ಅವರನ್ನೂ ಅವರೊಡನೆ ಭಿನ್ನಮತವಿರುವ ಯೆಹೂದ್ಯ ವಿದ್ವಾಂಸರನ್ನೂ ಮೊದಲು ಓದಲಿ, ಅನಂತರ ಪಿಕೊನನ್ನು ಓದಲಿ.