ಕ್ಷೇತ್ರ-ವಾಸ್ತು ಮತ್ತು ಸಾಧರ್ಮಿ ವಾತ್ಸಲ್ಯ

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ಮೊದಲು ಹೆಸರಿಸುವುದು ಕ್ಷೇತ್ರ-ವಾಸ್ತುಗಳನ್ನು, ಅಂದರೆ ಹೊಲ ಮತ್ತು ಮನೆಗಳನ್ನು. ಚಿನ್ನ, ಧನ, ಧಾನ್ಯಗಳು ಅನಂತರ ಬರುತ್ತವೆ. ಗೃಹಸ್ಥನು ಭೂಮಿಯನ್ನು ಹೊಂದಲೇಬಾರದೆಂದು ಇದರ ಅರ್ಥವಲ್ಲ. ತಾನೇ ಗೊತ್ತುಮಾಡಿಕೊಂಡ ಮಿತಿಯನ್ನು ಮೀರಬಾರದೆಂದು ಅರ್ಥ.

ಕುಷ್ಟಗಿಯಂಥ ಊರುಗಳಲ್ಲಿ ಈ ಮಾತು ಇಂದು ವಿಶೇಷವಾಗಿ ಚಿಂತನಾರ್ಹವಾಗಿದೆ. ಹೆದ್ದಾರಿ ಊರಿನ ಪಕ್ಕದಲ್ಲಿಯೇ ಹಾದುಹೋಗಿದೆ. ಗದಗ-ವಾಡಿ ಮಾರ್ಗದ ರೈಲು 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ಬಂದಿತು. 2020ರ ಭೂಸುಧಾರಣಾ ತಿದ್ದುಪಡಿಯ ಬಳಿಕ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದಾಗಿದೆ. ಸ್ವಲ್ಪ ಉಳಿತಾಯವುಳ್ಳವರು ಒಬ್ಬೊಬ್ಬರೇ ಕೊಳ್ಳಲಾರದೆ ನಾಲ್ಕಾರು ಜನ ಕೂಡಿ ಹಣ ತೊಡಗಿಸುವುದು ಸಹಜ. ಆಗ ಹೊಸಬರಿಗೆ ಆಧಾರವಾಗುವವನು ಈ ವ್ಯವಹಾರದಲ್ಲಿ ನುರಿತ ಸಾಧರ್ಮಿ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ನುರಿತವನೊಬ್ಬನು ರೈತನೊಡನೆ ಒಂದು ಎಕರೆಗೆ 20 ಲಕ್ಷ ರೂಪಾಯಿ ಮಾತಾಡಿ, ಜೊತೆಗಾರರಾದ ಮೂವರು ಹೊಸಬರಿಗೆ 24 ಲಕ್ಷವೆಂದು ತಿಳಿಸುತ್ತಾನೆ. ಅವರು ತಲಾ 6 ಲಕ್ಷ ಕೊಡುತ್ತಾರೆ. ಅವನು ಕೇವಲ 2 ಲಕ್ಷ ಸೇರಿಸಿ ಸಮಪಾಲು ಪಡೆಯುತ್ತಾನೆ. ಭೂಮಿ ದೋಷರಹಿತವಾಗಿದೆ, ಮುಂದೆ ಬೆಲೆಯೂ ಏರಬಹುದು. ಹಾಗಾದರೆ ಯಾರಿಗೆ ಏನು ನಷ್ಟವಾಯಿತು?

“ಓಡಾಡಿದವನು ನಾನು, ಕಾಗದಪತ್ರ ನೋಡಿದವನು ನಾನು, ಶ್ರಮಕ್ಕೆ ಫಲ ಬೇಡವೇ?” ಎಂದು ಅವನು ಕೇಳಬಹುದು. ಬೇಕು. ಹೇಳಿ ಪಡೆದ ದಲ್ಲಾಳಿಯಲ್ಲಿ ದೋಷವಿಲ್ಲ. ಆದರೆ ಹೇಳಿ ಪಡೆದರೆ ಅದು ಕೂಲಿ. ಮರೆಮಾಚಿ ಪಡೆದರೆ ಅಪಹಾರ. ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ಇಟ್ಟವನು ತಾನಿಟ್ಟ ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ, ತಿಳಿದೂ ಸುಮ್ಮನಿದ್ದು ಅಷ್ಟನ್ನೇ ಕೊಡುವುದು ಅದರ ಲಕ್ಷಣ. ಅಲ್ಲಿಯೂ ಇಲ್ಲಿಯೂ ಒಬ್ಬನ ಅರಿಯದಿಕೆ ಇನ್ನೊಬ್ಬನ ಲಾಭವಾಗುತ್ತದೆ. ಹೊಸಬನು ನುರಿತವನಲ್ಲಿ ಹಣಕ್ಕಿಂತ ಮೊದಲು ಇಟ್ಟದ್ದು ನಂಬಿಕೆಯೆಂಬ ನ್ಯಾಸವನ್ನು.

ಲೌಕಿಕ ನ್ಯಾಯವೂ ಇದಕ್ಕೆ ದೂರವಿಲ್ಲ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯು ಪಾಲುದಾರರು ಪರಸ್ಪರ ಪ್ರಾಮಾಣಿಕರಾಗಿದ್ದು ನಿಜವಾದ ಲೆಕ್ಕ ಒಪ್ಪಿಸಬೇಕೆನ್ನುತ್ತದೆ. ಬೇರೆ ಒಪ್ಪಂದವಿಲ್ಲದಿದ್ದರೆ, ಸಂಸ್ಥೆಯ ವ್ಯವಹಾರದಿಂದ ಒಬ್ಬನೇ ಪಡೆದ ಲಾಭವನ್ನು ಸಂಸ್ಥೆಗೆ ಸಲ್ಲಿಸಬೇಕೆಂದು ಅದರ 16ನೆಯ ಕಲಮು ವಿಧಿಸುತ್ತದೆ. ಕಡಿಮೆ ಬೆಲೆ ಕಾಣಿಸುವ ಖರೀದಿಪತ್ರ ಕೂಟಲೇಖಕ್ರಿಯೆಯಾಗುತ್ತದೆ; ಅದರಿಂದ ಮುದ್ರಾಂಕ ಶುಲ್ಕ ತಪ್ಪಿಸುವುದು ಅಸ್ತೇಯದ ಅತಿಚಾರವಾದ ವಿರುದ್ಧರಾಜ್ಯಾತಿಕ್ರಮಕ್ಕೆ ಸಮೀಪವಾಗುತ್ತದೆ.

ಹೊಸಬನಿಗೂ ಕರ್ತವ್ಯವಿದೆ. ಸಾಧರ್ಮಿಯನ್ನು ನಂಬುವುದೆಂದರೆ ಕಣ್ಣು ಮುಚ್ಚುವುದಲ್ಲ. ಪಹಣಿ, ಋಣಭಾರ ಪ್ರಮಾಣಪತ್ರ, ನಿವೇಶನವಾದರೆ ಭೂಪರಿವರ್ತನೆಯ ಆದೇಶ ಮತ್ತು ಅನುಮೋದಿತ ನಕ್ಷೆ, ಇವನ್ನು ಅವನೇ ಓದಬೇಕು. ಪರಿಶಿಷ್ಟರಿಗೆ ಸರಕಾರ ಮಂಜೂರು ಮಾಡಿದ ಜಮೀನಾದರೆ, 1978ರ ಕಾಯ್ದೆಯಂತೆ ಪೂರ್ವಾನುಮತಿಯಿಲ್ಲದೆ ಕೊಂಡದ್ದು ಅಸಿಂಧು. ಅಲ್ಲಿ ಕಾಗದದ ದೋಷದ ಹಿಂದೆ ಬಡವನ ಅನ್ನದ ಪ್ರಶ್ನೆಯೂ ಇರುತ್ತದೆ. ಬೆಲೆಯನ್ನು ರೈತನ ಬಾಯಿಂದಲೇ ಕೇಳಿ ತಿಳಿಯುವುದು ಅವಿಶ್ವಾಸವಲ್ಲ. ಅದು ಜೊತೆಗಾರನನ್ನು ಲೋಭದಿಂದ ಕಾಪಾಡುವ ಉಪಕಾರ. ಎಲ್ಲಕ್ಕಿಂತ ಮೊದಲು, ಎಷ್ಟು ಭೂಮಿ ಸಾಕು ಎಂಬುದನ್ನು ಮೊದಲ ಖರೀದಿಯ ಮುನ್ನವೇ ಬರೆದಿಡಬೇಕು. ಲಾಭ ಬಂದ ಮೇಲೆ ಹಾಕಿಕೊಳ್ಳುವ ಮಿತಿ ಲಾಭದೊಂದಿಗೇ ಬೆಳೆಯುತ್ತದೆ.

ವಾತ್ಸಲ್ಯವು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದು. ಬಸದಿಯಲ್ಲಿ ಕೈಮುಗಿದು ನಿಂತಾಗ ಅದು ಸುಲಭ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಅದರ ಪರೀಕ್ಷೆ. ಕುಷ್ಟಗಿಯನ್ನೊಳಗೊಂಡ ಈ ಕೊಪ್ಪಳ ಸೀಮೆ ಪ್ರಾಚೀನ ಕೊಪಣ ತೀರ್ಥದ ನೆಲ. ಕೊಪ್ಪಳದ ಶಕವರ್ಷ 803ರ, ಅಂದರೆ ಕ್ರಿ.ಶ. 881ರ, ಶಾಸನವೊಂದು ಸಂನ್ಯಸನದಿಂದ ದೇಹತ್ಯಾಗ ಮಾಡಿದ ಸರ್ವನಂದಿ ಭಟಾರರನ್ನು ಸ್ಮರಿಸುತ್ತದೆ. ಅವರಂತೆ ಎಲ್ಲವನ್ನೂ ಬಿಡುವುದು ಗೃಹಸ್ಥನ ಅಳವಲ್ಲ. ಆದರೆ ಕೊಂಡ ನೆಲದ ನಿಜವಾದ ಬೆಲೆಯನ್ನು ಜೊತೆಗಾರನಿಗೆ ಹೇಳುವುದು ಅವನ ಅಳವಿನಲ್ಲಿದೆ.